ಕೆಂಪು ದಾರ ಕಟ್ಟಿದ ಬದನೆ ಗಿಡ

ಹತ್ತಿ ಗಾಡಿಗಳ ಜೊತೆ ಗಜೇಂದ್ರಗಡದಿಂದ ಧಾರವಾಡಕ್ಕೆ ಬಂದಿದ್ದ ನಮ್ಮೂರಿನವರೊಬ್ಬರು ಮೊನ್ನೆ ನಮ್ಮಲ್ಲಿ ಊಟಕ್ಕೆ ಕೂತಿದ್ದರು. ಬದನೆಕಾಯಿ ಪಲ್ಯ ಎರಡನೇ ಸಲ ಬಡಿಸಿಕೊಳ್ಳುತ್ತ, "ನಿಮ್ಮ ಬಾಜೂ ಮನಿ ಚಿಗವ್ವ ಹೋದ್ಲು, ಗೊತ್ತಾತಿಲ್ಲೋ?" ಎಂದರು. ಬೇಸಿಗೆಯಲ್ಲೇ ತೀರಿಕೊಂಡಿದ್ದಳಂತೆ. ಪಲ್ಯ ನೋಡಿ ಅವರಿಗೆ ಅವಳ ನೆನಪಾಯಿತೋ, ಬರುವಾಗಲೇ ಹೇಳಬೇಕೆಂದು ಬಂದಿದ್ದರೋ ತಿಳಿಯದು. ನಾನು ಕೇಳಲಿಲ್ಲ.

ಅವಳ ಬಗ್ಗೆ ಬರೆಯಲು ಕೂತರೆ ಮೊದಲು ಎದುರಾಗುವುದು ನನ್ನದೇ ತೊಡಕು. ದಿನಚರಿ ಬರೆಯುವ ರೂಢಿ ನನಗೆ ಬಂದದ್ದು ಮುಂಬಯಿಗೆ ಓದಲು ಹೋದ ಮೇಲೆ. ಅದಕ್ಕೆ ಹಿಂದಿನದೆಲ್ಲ ಬರೀ ತಲೆಯಲ್ಲಿದೆ. ತಲೆಯಲ್ಲಿ ಇರುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಈ ಅಪನಂಬಿಕೆಯೊಂದೇ ಇರಬೇಕು. ಆದ್ದರಿಂದ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ನರಗುಂದದವರು ಇಂಗ್ರೇಜರ ಮೇಲೆ ದಂಗೆ ಎದ್ದು ಸಂಸ್ಥಾನ ಕಳೆದುಕೊಳ್ಳುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಮ್ಮ ಕಡೆಯ ಜನ ಕಾಲವನ್ನು ಅಳೆಯುವುದೇ ಆ ಗಲಾಟೆಯಿಂದ. ಮದುವೆ, ಬಾವಿ ತೋಡಿಸಿದ್ದು, ಎಮ್ಮೆ ಈದದ್ದು ಎಲ್ಲವೂ ಅದರ ಹಿಂದೆ ಅಥವಾ ಮುಂದೆ. ನಾನು ಧಾರವಾಡದ ಸಾಲೆ ಮುಗಿಸಿ ಊರಿಗೆ ಬಂದು, ಮುಂದೆ ಓದುವುದೋ ಬಿಡುವುದೋ ತೀರ್ಮಾನವಾಗದೆ ತಂದೆಯವರ ಅಂಗಡಿಯಲ್ಲಿ ಕೂರುತ್ತಿದ್ದೆ. ತಂದೆಯವರದು ಸೀರೆಯ ವ್ಯಾಪಾರ. ನೇಕಾರರಿಗೆ ನೂಲು ಕೊಟ್ಟು ನೇಯಿಸಿ, ಗಾಡಿಯಲ್ಲಿ ರೋಣ, ನರಗುಂದದ ಪೇಟೆಗಳಿಗೆ ಕಳಿಸುತ್ತಿದ್ದರು. ಹಾಗೆ ನೂಲು ಪಡೆಯುತ್ತಿದ್ದ ಮಗ್ಗಗಳಲ್ಲಿ ಒಂದು ನಮ್ಮ ಪಕ್ಕದ ಮನೆಯದು. ಎರಡೂ ಹಿತ್ತಲುಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಆ ಮನೆಯ ನೇಕಾರನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವನ ಹೆಂಡತಿಯನ್ನು ಚಿಗವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಓಣಿಯ ಅರ್ಧ ಜನಕ್ಕೆ ಅವಳು ಚಿಗವ್ವನೇ ಆಗಿದ್ದಳು, ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಅವಳ ತವರು ಮೆಣಸಗಿ. ಮಲಪ್ರಭೆ ಏರಿ ಬಂದಾಗಲೆಲ್ಲ ಆ ಊರಿನವರು ಒಲೆ, ಕಣಜ, ದನದ ಕೊಟ್ಟಿಗೆ ಕಳೆದುಕೊಳ್ಳುತ್ತಿದ್ದರು. ಬೀಜವನ್ನು ಮಾತ್ರ ಒಣ ಸೋರೆ ಬುರುಡೆಯಲ್ಲಿ ತುಂಬಿ, ಬಾಯಿಗೆ ಸೆಗಣಿ ಮೆತ್ತಿ, ತೊಲೆಗೆ ಕಟ್ಟುತ್ತಿದ್ದರಂತೆ. ಗಜೇಂದ್ರಗಡದ ಗುಡ್ಡದ ಕೆಳಗೆ ಹೊಳೆಯ ಸುಳಿವೇ ಇಲ್ಲ. ಆದರೂ ಅವಳ ಮನೆಯಲ್ಲಿ ಒಲೆಯ ನೇರಕ್ಕೆ ಬುರುಡೆಗಳು ತೂಗುತ್ತಿದ್ದವು. "ಇಲ್ಲಿ ಯಾವ ಹೊಳಿ ಬರ್ತೈತಿ ಚಿಗವ್ವಾ?" ಎಂದು ನಾನೊಮ್ಮೆ ಚೇಷ್ಟೆ ಮಾಡಿದ್ದೆ. "ಹೊಳಿ ಬರ್ಲಿಕ್ಕಿಲ್ಲ, ಇಲಿ ಬರ್ತಾವು" ಎಂದಳು.

ಅವಳ ಹಿತ್ತಲು ದೊಡ್ಡದೇನಲ್ಲ. ಬಾವಿಯ ಕಟ್ಟೆಯಿಂದ ಬೇಲಿಯವರೆಗೆ ಬದನೆ, ಚವಳಿಕಾಯಿ, ಸವತೆ, ಪುಂಡಿ, ಮೆಣಸಿನ ಗಿಡ. ಚಪ್ಪರದ ಮೇಲೆ ಹೀರೆ. ಇವುಗಳ ನಡುನಡುವೆ ಚೆಂಡುಹೂ, ಅಬ್ಬಲಿ, ಗುಲಬಾಕ್ಷಿ. ಹೂವಿಗೆ ಬೇರೆ, ಕಾಯಿಪಲ್ಯಕ್ಕೆ ಬೇರೆ ಎಂದು ಅವಳು ಜಾಗ ಮಾಡಿರಲಿಲ್ಲ. ನೋಡಿದವರಿಗೆ ಕೈಗೆ ಸಿಕ್ಕ ಬೀಜ ಎರಚಿದಂತೆ ಕಾಣುತ್ತಿತ್ತು. ಅವಳಷ್ಟು ಆರಿಸಿ ಬೀಜ ಹಾಕುವವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ.

ಸಂತೆಯಲ್ಲಿ ಬೀಜ ಕೊಳ್ಳುವುದು ಅವಳಿಗೆ ಆಗದ ಮಾತು. ಪುರ್ತಗೇರಿಯವನೊಬ್ಬ ಮಳೆಗಾಲದ ಮೊದಲು ಗೋಣಿತಟ್ಟಿನ ಮೇಲೆ ಮೆಣಸಿನ ಬೀಜ, ಸವತೆ ಬೀಜ ಗುಡ್ಡೆ ಹಾಕಿ ಕೂರುತ್ತಿದ್ದ. ಅವಳು ಬಗ್ಗಿ ನೋಡಿ, "ಇದರ ಕಾಯಿ ತಂದೀಯೇನಪ್ಪಾ?" ಎನ್ನುತ್ತಿದ್ದಳು.

"ಬೀಜ ಮಾರಾಂವ ಕಾಯಿ ಎಲ್ಲಿಂದ ತರ್ಲಿ?"

"ಹಂಗಾರ ಬ್ಯಾಡ ಬಿಡು."

"ಏನವಾ ನೀ, ಬೀಜಕ್ಕೂ ಕುಲ ಕೇಳ್ತಿ?"

"ಕುಲ ಯಾರ್ ಕೇಳಿದ್ರು? ತಾಯಿ ಎಲ್ಲೈತಿ ಅಂತ ಕೇಳಿದ್ನಿ."

ಮರುವರ್ಷ ಅವನು ಅವಳಿಗಾಗಿಯೇ ಒಣಮೆಣಸಿನಕಾಯಿ ಇಡಿಯಾಗಿ ತಂದಿದ್ದ. ಅವಳು ಅದನ್ನು ಮುರಿದು ಮೂಸಿ, ನಾಲಗೆಗೆ ಮುಟ್ಟಿಸಿ, ಕಣ್ಣಲ್ಲಿ ನೀರು ಬಂದ ಮೇಲೆ ಕೊಂಡಳು.

ಸವತೆಯ ವಿಷಯದಲ್ಲಿ ಇನ್ನೂ ಬಿಗಿ. ಬೀಜಕ್ಕೆ ಬಿಟ್ಟ ಸವತೆಕಾಯಿ ಹಣ್ಣಾದ ಮೇಲೆ ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ಬಾಯಿಗೆ ಹಾಕಿಕೊಳ್ಳುವಳು. ಒಂದಿಷ್ಟು ಕಹಿ ಇದ್ದರೂ ಇಡೀ ಕಾಯಿ, ಬೀಜ ಸಮೇತ, ಎಮ್ಮೆಗೆ. "ನಡುವ ಸಿಹಿ ಐತಿ ನೋಡು" ಎಂದು ನಮ್ಮ ಅವ್ವ ಒಮ್ಮೆ ಪರವಾಗಿ ಮಾತಾಡಿದ್ದಳು. ಚಿಗವ್ವ ಕಾಯಿಯನ್ನು ಗೋಡೆಯ ಮೇಲಿಂದ ನಮ್ಮ ಎಮ್ಮೆಗೇ ಎಸೆದಳು.

ಅವ್ವನಿಗೂ ಅವಳಿಗೂ ಬೀಜದ ಜಗಳ ಪ್ರತಿ ವರ್ಷದ್ದು. ಆ ಗೋಡೆಯ ಮೇಲಿನ ಮಾತು ಈಗಲೂ ಕಿವಿಯಲ್ಲಿದೆ. ಒಂದು ವರ್ಷದ್ದೋ, ಹಲವು ವರ್ಷದ್ದು ಸೇರಿ ಒಂದಾಗಿದೆಯೋ ಹೇಳಲಾರೆ.

"ಒಂದೀಟು ಹೀರಿ ಬೀಜ ಕೊಡವಾ."

"ಹ್ವಾದ ವರ್ಷ ಕೊಟ್ಟಿದ್ನೆಲ್ಲ ಯಕ್ಕಾ, ಏನ್ ಮಾಡ್ದಿ?"

"ಬಳ್ಳಿ ಚಲೋ ಬಂತು. ಕಾಯಿ ತಿಂದ್ವಿ."

"ಎಲ್ಲಾನೂ?"

"ಕಡೀಕ ಒಂದು ಸೊಟ್ಟಂದು ಉಳದಿತ್ತು. ಅದನ್ನ ಬೀಜಕ್ಕ ಬಿಟ್ಟೆ. ಅದ್ಯಾಕೋ ಜಳ್ಳು ಹಿಡೀತು."

"ಚಲೋವೆಲ್ಲಾ ಹೊಟ್ಟಿಗೆ, ಸೊಟ್ಟಂದು ಬೀಜಕ್ಕ. ಮಗಳಿಗೆ ವರಾನೂ ಹಿಂಗಽ ಹುಡಕ್ತಿಯೇನು, ಎಲ್ಲಾರೂ ಆರಿಸ್ಕೊಂಡು ಬಿಟ್ಟಾಂವನ್ನ?"

"ನನಗ ಮಗಳಿಲ್ಲ, ತಗಿ."

"ನಿನ್ನ ಮಗಗ ಹೆಣ್ಣು ಕೊಡಾವ್ರ ಮಾತು ಹೇಳಾಕತ್ತೀನಿ."

ನಾನು ಅಲ್ಲೇ ಬೇವಿನ ಕಡ್ಡಿ ಹಿಡಿದು ನಿಂತಿದ್ದೆ. ಅವ್ವ ನಗುತ್ತ ನನ್ನ ಕಡೆ ನೋಡಿದಳು. ಬೀಜ ಮಾತ್ರ ಆ ದಿನ ಸಿಗಲಿಲ್ಲ. ಮೊದಲು ಬಿಟ್ಟ ನೆಟ್ಟಗಿನ ಕಾಯಿಯನ್ನು ಬೀಜಕ್ಕೆ ಉಳಿಸುತ್ತೇನೆಂದು ಅವ್ವ ಮಾತು ಕೊಟ್ಟ ಮೇಲೆಯೇ ಸಿಕ್ಕಿತು. ಅವಳಲ್ಲಿ ಜಿಪುಣತನವೂ ಇತ್ತೆಂದು ಈಗ ಅನ್ನಿಸುತ್ತದೆ. ಕೊಟ್ಟ ಬೀಜ ಹಾಳು ಮಾಡಿದವರನ್ನು ಅವಳು ಮರೆಯುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ಕ್ಷೇಮಸಮಾಚಾರದ ಮೊದಲು ಅದನ್ನೇ ಎತ್ತುವಳು.

ಇನ್ನು ದಾರದ ವಿಷಯ. ಬದನೆಕಾಯಿ ಬೀಜಕ್ಕೆಂದು ಗಿಡದಲ್ಲೇ ಹಣ್ಣಾದರೆ ಅದರ ಬಣ್ಣ ಹೋಗಿ ಹಳದಿಯಾಗುತ್ತದೆ. ಎಳೆಯದಿದ್ದಾಗ ರುಚಿಯಾಗಿದ್ದದ್ದು ಯಾವುದು, ಒಗರಾಗಿದ್ದದ್ದು ಯಾವುದು, ಆಮೇಲೆ ಗೊತ್ತಾಗುವುದಿಲ್ಲ. ಆದ್ದರಿಂದ ಚಿಗವ್ವ ಪ್ರತಿ ಗಿಡದಲ್ಲೂ ಮೊದಲ ಚೆಂದದ ಕಾಯಿಯನ್ನು ಬಿಟ್ಟುಬಿಡುವಳು. ಅದೇ ಗಿಡದ ಇನ್ನೊಂದು ಕಾಯಿಯನ್ನು ಬೇರೆಯಾಗಿ ಸುಟ್ಟು, ಉಪ್ಪು ಹಚ್ಚಿ ತಿಂದು ನೋಡುವಳು. ಮನಸ್ಸಿಗೆ ಬಂದರೆ ಗಿಡಕ್ಕೆ ಕೆಂಪು ದಾರ. ಬಾರದಿದ್ದರೆ ಬಿಳಿ ದಾರ. ಕಾಯಿಗಳೆಲ್ಲ ಹಳದಿಯಾದ ಮೇಲೆ ಕೆಂಪು ದಾರದ ಗಿಡದ್ದು ಮಾತ್ರ ಬೀಜಕ್ಕೆ. ಚೆಂಡುಹೂವಿಗೂ ಹಾಗೆಯೇ. ಒಣಗಿದರೆ ಎಲ್ಲ ಹೂವೂ ಕಂದು. ಅರಳಿದ್ದಾಗಲೇ ತುಂಬು ಎಸಳಿನ ಗಾಢ ಬಣ್ಣದ ಗಿಡಕ್ಕೆ ಕೆಂಪು ದಾರ ಬೀಳುತ್ತಿತ್ತು.

ದಾರಕ್ಕೇನು ಕೊರತೆ? ಮಗ್ಗದ ಮನೆ. ಸೀರೆ ಕೊಯ್ದಿಳಿಸಿದಾಗ ಉಳಿಯುವ ಗೇಣುದ್ದದ ತುದಿಗಳನ್ನು ಕಾಕಾ ಸುತ್ತಿ ಇಡುತ್ತಿದ್ದ. "ತಗೋ, ನಿನ್ನ ಸೊಸೀರಿಗೆ ತಾಳಿ" ಎಂದು ಅವಳ ಕೈಗೆ ಹಾಕುತ್ತಿದ್ದ. ಅವನು ಮಾತಾಡಿದ್ದು ನಾನು ಕೇಳಿದ್ದೇ ಕಡಿಮೆ. ಆ ಕಡಿಮೆ ಮಾತಿನಲ್ಲಿ ಇದೊಂದು ಪ್ರತಿ ಸಲ ಇರುತ್ತಿತ್ತು.

ಆ ವರ್ಷ ದೀಪಾವಳಿಯ ಮುಂದೆ ಮಳೆ ಹಿಡಿಯಿತು. ಬಿಡುವಿಲ್ಲದೆ ಸುರಿದು, ಒಂದು ಬೆಳಿಗ್ಗೆ ನಿಂತಿತು. ಅಂದು ತಂದೆಯವರ ಗಾಡಿ ನರಗುಂದಕ್ಕೆ ಹೊರಡುವುದಿತ್ತು. ಹಬ್ಬಕ್ಕೆಂದು ಅಲ್ಲಿಯ ವ್ಯಾಪಾರಿಗಳು ಕೇಳಿದ್ದ, ಅಂಚಿಗೆ ಕೆಂಪು ದಡಿ ಇದ್ದ ಸೀರೆಗಳು, ಬಹುಪಾಲು ಕಾಕಾನ ಮಗ್ಗದವು, ಅಂಗಡಿಯಲ್ಲಿ ಗಂಟು ಕಟ್ಟಿ ಸಿದ್ಧವಾಗಿದ್ದವು. ನಾನು ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದೆ. ಗೋಡೆಯ ಆಚೆಯಿಂದ ಚಿಗವ್ವನ ದನಿ ಬಂತು.

"ಸ್ವಲ್ಪ ಇಲ್ಲಿ ಬರ್ರಿ."

"ಮಗ್ಗದಾಗ ಕುಂತೀನಿ" ಎಂದ ಕಾಕಾ ಒಳಗಿನಿಂದ.

"ಮಗ್ಗ ಎಲ್ಲೂ ಓಡಿ ಹೋಗೂದಿಲ್ಲ. ಬರ್ರಿ."

ಅವನು ಬಂದ. ಇಬ್ಬರೂ ಬದನೆ ಗಿಡಗಳ ನಡುವೆ ನಿಂತರು. ಅವಳು ಒಂದು ಗಿಡದ ದಾರ ತೋರಿಸಿದಳು. "ಇದು ಯಾವ ದಾರ?"

"ಬಿಳೀದು."

"ಬಿಳೀದು ನಾ ಎಲ್ಲಾ ಗಿಡಕ್ಕ ಕಟ್ಟಿಲ್ಲ. ನೀವಽ ಕೊಟ್ಟ ಕೆಂಪು ದಾರಾನೂ ಕಟ್ಟಿದ್ನಿ. ಎಲ್ಲಾ ಗಿಡಾನೂ ನೋಡ್ರಿ, ಎಲ್ಲಾ ಬಿಳೀವು ಆಗ್ಯಾವ."

"ಮಳಿ ಭಾಳ ಆತು. ಇಂಥಾ ಮಳಿಗೆ ಯಾವ ಬಣ್ಣ ನಿಲ್ತೈತಿ?"

"ಹ್ವಾದ ವರ್ಷದ ದಾರ ಹೀರಿ ಚಪ್ಪರಕ್ಕ ಇನ್ನೂ ಐತಿ. ಕುಂಕುಮ ಇದ್ದಂಗ ಐತಿ. ಅದೂ ಇದಽ ಮಳ್ಯಾಗ ತೊಯ್ದೈತಲ್ಲ?"

ಕಾಕಾ ಚಪ್ಪರದ ಕಡೆ ನೋಡಿದ. ತಂದೆಯವರು ದಡಿಗೆಂದು ಕೊಟ್ಟ ನೂಲನ್ನು ಬಣ್ಣಗಾರನಲ್ಲಿ ಕೆಂಪು ಮಾಡಿಸುವುದು ನೇಕಾರನ ಹೊಣೆ. ಕೆಂಪು ಬಣ್ಣಕ್ಕೆ ನಮ್ಮಲ್ಲಿ ಸುರಂಜಿ ಗಿಡದ ಬೇರು ಬಳಸುತ್ತಿದ್ದರು. ನೂಲಿಗೆ ಅದು ಹಿಡಿಯುವುದು ನಿಧಾನ, ಹಿಡಿದರೆ ಸೀರೆ ಹರಿದರೂ ಬಣ್ಣ ಹೋಗದು. ಪತಂಗದ ಮರದ ಚಕ್ಕೆ ಕುದಿಸಿದರೆ ಒಂದೇ ದಿನದಲ್ಲಿ ಕೆಂಪು ಬರುತ್ತದೆ. ನೋಡಲು ಅದೇ ಹೆಚ್ಚು ಚೆಂದ. ನೀರು ಕಂಡರೆ ಬಿಟ್ಟು ಹೋಗುತ್ತದೆ.

"ಸುರಂಜಿ ಹಾಕಿಸಿಲ್ಲ ನೀವು" ಎಂದಳು.

"ಬೇರು ಬಂದಿರ್ಲಿಲ್ಲ. ಬಣ್ಣಗಾರ ಪತಂಗದಾಗ ಎದ್ದಿ ಕೊಡ್ತೀನಂದ. ಹಬ್ಬ ತಪ್ಪಿದ್ರ ಮಗ್ಗ ಸುಮ್ನ ಕುಂದರ್ತಿತ್ತು. ಯಾರ ಹೊಟ್ಟಿ ಸಲವಾಗಿ ಮಾಡೀನಿ?"

"ನನ್ನ ಹೊಟ್ಟಿ ಮ್ಯಾಲ ಹಾಕಬ್ಯಾಡ್ರಿ. ಎಷ್ಟು ಸೀರಿಗೆ ಹೋಗೇತಿ ಈ ಕೆಂಪು?"

"ಎಲ್ಲಾದಕ್ಕೂ."

"ಗಾಡಿ ಇವತ್ತ ಐತೇನು?"

"ಇವತ್ತಽ. ನೀ ಸುಮ್ನಿರು. ಉಟ್ಟಾಕಿ ಒಗದಾಗ ನೋಡ್ಕೊಂತಾಳ. ನರಗುಂದದಾಕಿ ಇಲ್ಲೀತನಾ ಬಂದು ಕೇಳ್ತಾಳೇನು?"

"ಆಕಿ ಬರೂದಿಲ್ಲ. ಸಾವ್ಕಾರ್ರು ಬರ್ತಾರ. ಬಂದ್ರಂದ್ರ ಈ ಮನಿಗೆ ಕೆಂಪು ನೂಲು ಮತ್ತ ಬರೂದಿಲ್ಲ."

"ಈಗ ಹೇಳಿದ್ರೂ ಬರೂದಿಲ್ಲ."

"ಖರೇ. ಈಗ ಹೇಳಿದ್ರೂ ಬರೂದಿಲ್ಲ" ಎಂದಳು. ಗಿಡಗಳಿಂದ ನಾಲ್ಕೈದು ದಾರ ಬಿಚ್ಚಿಕೊಂಡಳು. ಬಾವಿಕಟ್ಟೆಯ ಮೇಲೆ ಕಾಲಿನ ಕೆಸರು ತೊಳೆದು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು. ಕಾಕಾ ಅವಳನ್ನು ತಡೆಯಲಿಲ್ಲ. ಗೋಡೆಯ ಮೇಲಿಂದ ನನ್ನನ್ನು ನೋಡಿ ತಲೆ ತಗ್ಗಿಸಿದ.

ನೇಕಾರರ ಮನೆಯ ಹೆಂಗಸರು ನಮ್ಮ ಅಂಗಡಿಗೆ ಬರುವ ರೂಢಿ ಇರಲಿಲ್ಲ. ಅವರು ನೂಲು ಸುತ್ತುವರು, ಮಗ್ಗದ ಹಾಸು ನೂಲಿಗೆ ಗಂಜಿ ಹಾಕುವರು. ಲೇವಾದೇವಿ ಏನಿದ್ದರೂ ಗಂಡಸರದು. ನಾನು ಅಂಗಡಿ ಮುಟ್ಟುವ ಹೊತ್ತಿಗೆ ಅವಳು ಮೆಟ್ಟಿಲ ಕೆಳಗೆ ನಿಂತಿದ್ದಳು. ಗಾಡಿ ಹೊಡೆಯುವವನು ಗಂಟುಗಳನ್ನು ಹೇರುತ್ತಿದ್ದ.

"ಸಾವ್ಕಾರ್ರ, ನಮ್ಮ ಮಗ್ಗದ ಸೀರಿ ಹೇರಬ್ಯಾಡ್ರಿ."

ತಂದೆಯವರು ಗದ್ದುಗೆಯಿಂದ ಬಗ್ಗಿ ನೋಡಿದರು. "ಯಾಕವಾ? ನಿನ್ನ ಗಂಡ ಎಲ್ಲಿ?"

"ಮನ್ಯಾಗ ಅದಾರ. ಕೆಂಪು ಬಣ್ಣ ಬಿಡತೈತ್ರಿ."

"ಯಾರು ಹೇಳಿದ್ರು?"

"ಬದನಿ ಗಿಡ ಹೇಳ್ತ್ರಿ."

ಗಾಡಿಯವನು ಗೊಳ್ಳೆಂದು ನಕ್ಕ. ಅವಳು ದಾರಗಳನ್ನು ಮೆಟ್ಟಿಲ ಮೇಲೆ ಇಟ್ಟಳು. ತಂದೆಯವರು ಒಂದನ್ನು ಎತ್ತಿ ಬೆರಳಲ್ಲಿ ಹೊಸೆದರು. ಅವರ ಮುಖ ನನಗೆ ಚೆನ್ನಾಗಿ ನೆನಪಿದೆ, ಅಥವಾ ಇದೆ ಎಂದುಕೊಂಡಿದ್ದೇನೆ. ಅವರಿಗೆ ಅದನ್ನು ತಿಳಿಯುವ ಇಷ್ಟವಿರಲಿಲ್ಲ.

"ದಾರದ ಮಾತು ಬ್ಯಾರೆ, ಸೀರಿ ಮಾತು ಬ್ಯಾರೆ. ಹೊಸಾ ಸೀರಿ ನೀರಿಗೆ ಹಾಕಿದ್ರ ಗಂಜಿ ಹೋಗತೈತಿ. ಆಮ್ಯಾಲ ಅದನ್ನ ಯಾರೂ ಮುಟ್ಟೂದಿಲ್ಲ. ನೋಡಾಕಂತ ಒಂದು ಸೀರಿ ಕೆಡಸ್ಲೇನು?"

"ಕೆಡಸ್ರಿ."

"ಅದರ ರೊಕ್ಕ ನಿಮ್ಮ ಹೆಸರಿಗೇ ಬರ್ತೈತಿ ಮತ್ತ."

"ಬರ್ಲಿ."

ಇಲ್ಲಿಂದ ಮುಂದೆ ನನ್ನ ನೆನಪಿಗೂ ಅವ್ವ ಹೇಳುತ್ತಿದ್ದ ಕತೆಗೂ ತಾಳೆ ಬೀಳುವುದಿಲ್ಲ. ಕುಡಿಯುವ ನೀರಿನ ತಂಬಿಗೆಯನ್ನು ಚಿಗವ್ವನೇ ಎತ್ತಿಕೊಂಡು, ಮೇಲಿನ ಗಂಟು ಬಿಚ್ಚಿ, ಒಂದು ಸೀರೆಯ ಸೆರಗಿನ ತುದಿಯನ್ನು ಅದರಲ್ಲಿ ಅದ್ದಿದಳೆಂದು ನನ್ನ ನೆನಪು. ತಂಬಿಗೆ ತಂದುಕೊಟ್ಟವನು ನಾನು, ಅದ್ದಿದವರು ತಂದೆಯವರು ಎಂದು ಅವ್ವ ಹೇಳುತ್ತಿದ್ದಳು. ಅವ್ವ ಅಲ್ಲಿರಲಿಲ್ಲ. ಆದರೆ ಅವಳಿಗೆ ಹೇಳಿದವರು ತಂದೆಯವರು, ಅವರು ಅಲ್ಲಿದ್ದರು. ಯಾರ ಕೈಯಾದರೂ ಇರಲಿ, ನೀರು ಕೆಂಪಾಯಿತು. ಹಿಂಡಿದಾಗ ಪಕ್ಕದ ಬಿಳಿ ಗೆರೆಗಳಿಗೂ ಬಣ್ಣ ಹತ್ತಿತ್ತು. ಗಾಡಿಯವನ ನಗು ನಿಂತಿತು.

"ಇಳಸು" ಎಂದರು ತಂದೆಯವರು ಅವನಿಗೆ. ಆಮೇಲೆ ಅವಳಿಗೆ, "ನೀ ಹೇಳಿದ್ದು ಚಲೋ ಆತು. ಆದ್ರ ಇನ್ನ ಮ್ಯಾಲ ನಿಮ್ಮ ಮಗ್ಗಕ್ಕ ಕೆಂಪು ಕೊಡೂದಿಲ್ಲ."

"ಗೊತ್ತೈತ್ರಿ. ಈ ಸೀರಿ ನಮಗ ವಾಪಸ್ ಕೊಡ್ರಿ. ಬಣ್ಣ ಬಿಡತೈತಿ ಅಂತ ಹೇಳಿ ಮಾರ್ತೀನಿ."

"ಹಂಗ ಹೇಳಿದ್ರ ಯಾರು ತಗೊಂತಾರವಾ?"

"ನೋಡೂಣ್ರಿ."

ರೋಣದ ಸಂತೆಗೆ ಅವಳ ಜೊತೆ ತಂದೆಯವರು ನನ್ನನ್ನೂ ಕಳಿಸಿದರು. ಅವರ ನೂಲಿನ ಮಾಲು ಅದು. ಕಾಕಾ ಗಂಟು ಹೊತ್ತು ತಂದು ಇಳಿಸಿ, ದೂರದ ಬೇವಿನ ಮರದ ಕೆಳಗೆ ಹೋಗಿ ಕೂತ. ಅವಳು ಕಾಯಿಪಲ್ಯದವರ ಸಾಲಿನಲ್ಲಿ ಚಾಪೆ ಹಾಸಿ, ಸೀರೆ ಹರಡಿ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡಳು. ಯಾರಾದರೂ ಸೀರೆ ಮುಟ್ಟಿದರೆ ಸಾಕು, "ಬಣ್ಣ ಬಿಡತೈತಿ, ತಿಳಕೊಂಡು ತಗೋ" ಎನ್ನುವಳು. ಕೆಲವರು ಕೈಬಿಟ್ಟು ಹೋದರು. ಒಬ್ಬ ಮುದುಕ ನಿಂತು, "ನಿನ್ನ ಸರಕಿಗೆ ನೀನಽ ಹೆಸರು ಇಡ್ತಿಯಲ್ಲವಾ?" ಎಂದ. "ನೀವು ಇಡೂಕಿಂತ ಮೊದಲ ಇಡಾಕತ್ತೀನ್ರಿ" ಎಂದಳು.

ಚಿಕ್ಕನರಗುಂದದ ಹೆಂಗಸೊಬ್ಬಳು ಸೀರೆ ಬಿಚ್ಚಿ ಹಾಸಿಕೊಂಡು ಕೂತಳು. "ಎಷ್ಟ ಬಿಡತೈತಿ?"

"ಮೊದಲ್ನೇ ಸಲ ಭಾಳ. ಎರಡ್ನೇ ಸಲ ಸ್ವಲ್ಪ. ಆಮ್ಯಾಲ ಬಿಡಾಕ ಏನೂ ಉಳಿಯೂದಿಲ್ಲ."

ಸುತ್ತಲಿನವರು ನಕ್ಕರು. ಚಿಗವ್ವ ನಗಲಿಲ್ಲ. "ಬ್ಯಾರೆ ಅರಿವಿ ಜೋಡಿ ಒಗೀಬ್ಯಾಡ ಮತ್ತ. ನಿನ್ನ ಗಂಡನ ಧೋತರ ಕೆಂಪಾದೀತು."

"ಆಗ್ಲಿ ಬಿಡವಾ, ಮದಿವ್ಯಾದಾಗಿಂದ ಅಂವಗ ಬಣ್ಣಽ ಬಂದಿಲ್ಲ" ಎಂದಳು ಆ ಹೆಂಗಸು. ಎಳೆದಾಡಿ ಬೆಲೆ ಇಳಿಸಿ, ಎರಡು ಕೊಂಡಳು. ಅವಳನ್ನು ನೋಡಿ ಇನ್ನಷ್ಟು ಜನ ಬಂದರು.

ಸಂಜೆಯ ಹೊತ್ತಿಗೆ ಎಲ್ಲ ಮಾರಿಹೋಗಿ ಖಾಲಿ ಚಾಪೆ ಸುತ್ತಿಕೊಂಡು ಬಂದೆವೆಂದು ಬಹಳ ವರ್ಷ ನಂಬಿದ್ದೆ. ಅದು ಸುಳ್ಳಿರಬೇಕು. ಏಕೆಂದರೆ ಅದರಲ್ಲಿಯ ಒಂದು ಸೀರೆಯನ್ನು ಚಿಗವ್ವ ಆಮೇಲೆ ಉಡುತ್ತಿದ್ದದ್ದು, ದಡಿಯ ಕೆಂಪು ಹೋಗಿ ಒಡಲಿಗೆಲ್ಲ ಹರಡಿದ್ದದ್ದು ನನಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಖಾಲಿ ಚಾಪೆಯನ್ನು ಬಿಡುತ್ತೇನೆ.

ಹೇಳಿದಂತೆಯೇ ತಂದೆಯವರು ಆ ಮನೆಗೆ ಕೆಂಪು ನೂಲು ನಿಲ್ಲಿಸಿದರು. ಬಿಳಿ ಧೋತರ ನೇಯಲು ಮಾತ್ರ ಕೊಟ್ಟರು. ಹೊಟ್ಟೆಗೆ ಅಷ್ಟು ಸಾಕಾಗುತ್ತಿತ್ತೋ ಇಲ್ಲವೋ, ದಡಿ ಎತ್ತಿ ಸೆರಗು ಜೋಡಿಸುವ ಕೈಗೆ ಅದು ಕೆಲಸವೇ ಅಲ್ಲ. ಕಾಕಾ ಮಗ್ಗದಲ್ಲಿ ಕೂರುವುದು ತಡವಾಗತೊಡಗಿತು. ಕೂತರೂ ಲಾಳಿಯ ಸಪ್ಪಳ ನಡುವೆ ನಿಂತು ನಿಂತು ಬರುತ್ತಿತ್ತು. ಕೆಂಪು ಮತ್ತೆ ಆ ಮನೆಗೆ ಬರಬೇಕು ಎನ್ನುವುದು ಚಿಗವ್ವನ ಹಟವಾಯಿತು. ಅದಕ್ಕಾಗಿ ಅವಳು ತಂದೆಯವರ ಮುಂದೆ ಒಮ್ಮೆಯೂ ಬೇಡಲು ಬರಲಿಲ್ಲ.

ಹಿತ್ತಲಿನಲ್ಲಿ ಕಾಯಿಗಳು ಹಳದಿಯಾಗಿ ತೂಗುತ್ತಿದ್ದವು. ಯಾವುದು ಮೆಚ್ಚಿದ್ದು, ಯಾವುದು ಬೇಡವೆಂದದ್ದು ತಿಳಿಯುವ ಗುರುತು ಉಳಿದಿರಲಿಲ್ಲ. "ಹ್ವಾದ ವರ್ಷದ ಬೀಜ ಬುರುಡ್ಯಾಗ ಐತಲ್ಲ, ಇವನ್ನೆಲ್ಲಾ ಎಮ್ಮಿಗೆ ಹಾಕು" ಎಂದಳು ಅವ್ವ. ಚಿಗವ್ವ ಒಪ್ಪಲಿಲ್ಲ. ಈ ವರ್ಷ ಕೆಂಪು ಕಟ್ಟಿದ್ದವು ಹೋದ ವರ್ಷದವಕ್ಕಿಂತ ಮೇಲು ಎಂದು ಅವಳ ನಾಲಗೆ ಹೇಳಿತ್ತು. ಒಂದೊಂದು ಕಾಯಿಯನ್ನೂ ಬೇರೆ ಬೇರೆ ನೀರಿನಲ್ಲಿ ಕಿವುಚಿ, ತೇಲಿದ ಜಳ್ಳು ಚೆಲ್ಲಿ, ಮುಳುಗಿದ ಬೀಜಕ್ಕೆ ಬೂದಿ ಹಚ್ಚಿ, ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿದಳು. ಮುಂದಿನ ಮಳೆಗೆ ಒಂದು ಕಾಯಿಯ ಬೀಜಕ್ಕೆ ಒಂದು ಸಾಲು. ಜಾಗ ಸಾಲದೆ ನಮ್ಮ ಹಿತ್ತಲಿನಲ್ಲೂ ಸಾಲು ಹಾಕಿದಳು. "ಎಲ್ಲಾ ಮತ್ತ ತಿಂದು ನೋಡಬೇಕು, ಅಷ್ಟಽ ಅಲ್ಲೇನು?" ಎಂದಳು. ಮುಂದೆ ನಾನು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಓದಿದ ಪ್ರಕಾರ, ಹೀರೆ, ಚೆಂಡುಹೂಗಳಲ್ಲಿ ಜೇನು ಒಂದರ ಪರಾಗವನ್ನು ಇನ್ನೊಂದಕ್ಕೆ ಹೊತ್ತು ಅವಳ ಆಯ್ಕೆಯನ್ನು ಎಷ್ಟೋ ಸಲ ಕೆಡಿಸಿರಬೇಕು. ಅದು ಗೊತ್ತಾಗಿದ್ದರೆ ಅವಳು ಏನು ಮಾಡುತ್ತಿದ್ದಳೆಂದು ಯೋಚಿಸಿದ್ದೇನೆ. ಬಹುಶಃ ಇನ್ನೊಂದು ಸಾಲು ಹೆಚ್ಚಿಗೆ ಹಾಕುತ್ತಿದ್ದಳು.

ಆ ಮಳೆಗಾಲದ ಆರಂಭದಲ್ಲಿ ತಂದೆಯವರು ತಾವೇ ನಿಂತು ಒಂದಿಷ್ಟು ನೂಲಿಗೆ ಕೆಂಪು ಹಾಕಿಸಿದರು. ಬಣ್ಣಗಾರನ ಮಾತಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಆ ನೂಲಿನ ಲಡಿಯಿಂದ ಒಂದು ಎಳೆ ಹರಿದು ಅವ್ವನ ಕೈಗೆ ಕೊಟ್ಟು, "ಇದನ್ನ ಆಕಿ ಹಿತ್ತಲದಾಗ ಕಟ್ಟಾಕ ಹೇಳು. ಬಣ್ಣ ನಿಂತ್ರ ಈ ಲಡಿ ಅವ್ರ ಮಗ್ಗಕ್ಕಽ" ಎಂದರು.

ಅವಳು ಅದನ್ನು ಗಿಡಕ್ಕೆ ಕಟ್ಟಿದಳು. ಮಳೆ ಸಾಲದೆಂದು ದಿನವೂ ಬೂದಿ ನೀರು ಹಾಕಿ ತಿಕ್ಕಿದಳು. ಕಡೆಗೊಂದು ದಿನ ಆ ಎಳೆಯನ್ನು ಬಿಚ್ಚಿ ತಂದು ನಮ್ಮ ಗೋಡೆಯ ಮೇಲೆ ಇಟ್ಟಳು. "ಇದು ಬ್ಯಾಡ್ರಿ."

ತಂದೆಯವರು ಬಿಸಿಲಿಗೆ ಹಿಡಿದು ನೋಡಿದರು. ನನ್ನ ಕಣ್ಣಿಗೂ ಅದು ಕೆಂಪಾಗಿಯೇ ಇತ್ತು, ತುಸು ಮಾಸಿದ ಕೆಂಪು. "ಸ್ವಲ್ಪಽ ಬಿಟ್ಟೈತಿ. ನಡೀತೈತಿ ಬಿಡವಾ. ನಿಮ್ಮ ಮಗ್ಗದ್ದೂ ವಿಚಾರ ಮಾಡು."

"ಅದನ್ನಽ ಮಾಡಾಕತ್ತೀನ್ರಿ. ಸ್ವಲ್ಪ ಕಹಿ ಇದ್ದ ಕಾಯಿದು ಬೀಜ ಇಡ್ತಾರೇನು?"

ಲಡಿ ಬಣ್ಣಗಾರನಿಗೆ ವಾಪಸ್ಸು ಹೋಯಿತು. ಮಗ್ಗ ಧೋತರದಲ್ಲೇ ಉಳಿಯಿತು. ಅಂದು ಗೋಡೆಯ ಆಚೆ ಕಾಕಾ ದನಿ ಎತ್ತಿ ಮಾತಾಡಿದ್ದನ್ನು ಮೊದಲ ಸಲ ಕೇಳಿದೆ. "ಸಾವ್ಕಾರ್ರು ಹೂಂ ಅಂದ್ರೂ ನೀ ಒಲ್ಲೆ ಅಂತಿ. ನಿನಗ ನನ್ನ ಮಗ್ಗಕ್ಕಿಂತ ದಾರ ದೊಡ್ಡದಾತು!" ಅವಳ ಉತ್ತರ ನನಗೆ ಕೇಳಿಸಲಿಲ್ಲ. ಕೇಳಿಸಿತ್ತೆಂದು ಏನನ್ನಾದರೂ ಇಲ್ಲಿ ಬರೆಯಬಹುದಿತ್ತು, ಬರೆಯುವುದಿಲ್ಲ.

ಅದಾದ ಮೇಲೆ ಕಾಕಾ ಕೆಲವು ದಿನ ಕಾಣಲಿಲ್ಲ. ಬಣ್ಣಗಾರನ ಹಂಡೆಯ ಪಕ್ಕದಲ್ಲೇ ಕೂತಿದ್ದನಂತೆ. ಸುರಂಜಿ ಬೇರು ಕುಟ್ಟಿದ್ದು, ನೂಲು ಎಣ್ಣೆಯಲ್ಲಿ ನೆನೆಹಾಕಿದ್ದು, ಬಣ್ಣದಲ್ಲಿ ಅದ್ದಿ ಒಣಗಿಸಿ ಮತ್ತೆ ಅದ್ದಿದ್ದು, ಎಲ್ಲವನ್ನೂ ತಾನೇ ನಿಂತು ಮಾಡಿಸಿದನಂತೆ. ಆ ದೀಪಾವಳಿಗೆ ಅವನ ಮಗ್ಗದ ಕೆಂಪು ದಡಿಯ ಸೀರೆ ನರಗುಂದದ ಗಾಡಿಯಲ್ಲಿ ಹೋಯಿತೆಂದು ಅವ್ವ ಆಮೇಲೆ ಹೇಳಿದಳು. ಅದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಓದಲು ಊರು ಬಿಟ್ಟಿದ್ದೆ.

ಕಂಡದ್ದು ಇಷ್ಟು. ನಾನು ಹೊರಡುವ ಮುಂಚಿನ ಒಂದು ಸಂಜೆ. ಚಿಗವ್ವ ಒಲೆಯ ಕೆಂಡದಲ್ಲಿ ಸುಟ್ಟ ಬದನೆಕಾಯಿಯನ್ನು ಬೆರಳಲ್ಲಿ ಬಿಡಿಸಿ ತಿನ್ನುತ್ತ, ಸಾಲುಗಳ ನಡುವೆ ನಿಂತಿದ್ದಳು. ಒಂದು ಗಿಡದ ಮುಂದೆ ನಿಂತು, "ಇದು" ಎಂದಳು, ಯಾರಿಗೂ ಅಲ್ಲ. ಕಾಕಾ ಬೀದಿಯಿಂದ ನೇರ ಹಿತ್ತಲಿಗೆ ಬಂದ. ಕೈ ಮೊಣಕೈವರೆಗೆ ಕೆಂಪಾಗಿತ್ತು. ಹೆಗಲ ಮೇಲಿನ ಹಸಿ ಲಡಿಯಿಂದ ಒಂದು ಎಳೆ ಹಲ್ಲಿನಲ್ಲಿ ಕಡಿದು, ಅವಳನ್ನು ಏನೂ ಕೇಳದೆ, ಆ ಗಿಡದ ಬುಡಕ್ಕೆ ಕೂತು ಕಟ್ಟತೊಡಗಿದ. ನೇಕಾರನ ಗಂಟು, ಬಿಗಿಯಾಗಿ ಎಳೆದ.

ಅವಳು ಬಗ್ಗಿ ನೋಡಿದಳು.

"ಸಡ್ಲ ಕಟ್ರಿ" ಎಂದಳು. "ಗಿಡ ಇನ್ನೂ ದಪ್ಪ ಆಗೂದೈತಿ."